ಬಹುಮಾನದ ಕವರ್ ತಪ್ಪು ಕೈ ಸೇರಿದ ದಿನ

ನಾನು ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್ಲಿನಲ್ಲಿ ಮ್ಯಾನೇಜರ್. 14 ವರ್ಷದ ಹಿಂದೆ ಲೆಕ್ಕ ಬರೆಯೋಕೆ ಅಂತ ಸೇರಿದವನು. ತೂಕದ ಚೀಟಿ, ಲಾರಿ ಬಾಡಿಗೆ, ಹಮಾಲಿ ಲೆಕ್ಕ, ಇಷ್ಟೇ ನನ್ನ ಕೆಲಸ. ಹಳೇ ಮ್ಯಾನೇಜರ್ ಬಿಟ್ಟು ಹೋದಾಗ ಸಾವ್ಕಾರ್ರು ನನ್ನನ್ನೇ ಆ ಕುರ್ಚಿಯಲ್ಲಿ ಕೂರಿಸಿದರು. ನನಗೆ ಮಿಲ್ಲಿನ ಲೆಕ್ಕ ಪೂರ್ತಿ ಗೊತ್ತಿತ್ತು. ಮಿಲ್ಲು ಗೊತ್ತಿರಲಿಲ್ಲ. ಎರಡೂ ಬೇರೆ ಅನ್ನೋದು ತಿಳಿಯೋಕೆ ಸ್ವಲ್ಪ ಕಾಲ ಹಿಡಿಯಿತು, ಒಬ್ಬ ಹಿರಿಯರ ಮನಸ್ಸೂ ನೋಯಿಸಬೇಕಾಯಿತು.

ಆಗ ನಾನು ಹೊಸ ಮ್ಯಾನೇಜರ್, ಹುಮ್ಮಸ್ಸು ಜಾಸ್ತಿ. ಕೆಲಸಗಾರರನ್ನು ಹುರಿದುಂಬಿಸಬೇಕು, ಎಲ್ಲರ ಮುಂದೆ ಹೊಗಳಬೇಕು ಅಂತ ಎಲ್ಲೋ ಓದಿದ್ದೆ. ಸಾವ್ಕಾರ್ರಿಗೆ ಹೇಳಿದಾಗ ಅವರು ಅಂದಿದ್ದು ಒಂದೇ ಮಾತು: "ಹೊಗಳಿದ್ರ ತಲಿ ಮ್ಯಾಲ ಕೂಡ್ತಾರ, ನೋಡು." ಆದರೂ ಒಪ್ಪಿದರು. ವಾರಕ್ಕೊಮ್ಮೆ, ಕೊನೇ ದಿನ ಯಾವ ಪಾಳಿಯಲ್ಲಿ ಜಾಸ್ತಿ ಭತ್ತ ಹಲ್ಲಿಂಗ್ (ಹೊಟ್ಟು ತೆಗೆಯೋದು) ಆಗುತ್ತೋ ಆ ಆಪರೇಟರ್‌ಗೆ 500 ರೂಪಾಯಿ ಕವರ್. ಕೊಡೋದು ಬೆಳಗ್ಗೆ 8 ಗಂಟೆಗೆ, ಪಾಳಿ ಬದಲಾಗೋ ಹೊತ್ತಿಗೆ, ಎಲ್ಲರೂ ಸೇರಿದಾಗ.

ನವೆಂಬರ್ ಕೊನೆ. ಮುಂಗಾರಿನ ಭತ್ತ ಬರೋ ಕಾಲ. ಗೇಟಿನ ಹೊರಗೆ ಟ್ರ್ಯಾಕ್ಟರ್, ಲಾರಿ ಸಾಲುಗಟ್ಟಿದ್ದವು. ಮಿಲ್ಲು ಹಗಲೂ ರಾತ್ರಿ ಓಡುತ್ತಿತ್ತು. ವಾರದ ಕೊನೇ ದಿನದ ಲೆಕ್ಕ ತೆಗೆದೆ. ನಮ್ಮ ಕಡೆ ಭತ್ತ ಎಣಿಸೋದು 75 ಕೆಜಿ ಚೀಲದಲ್ಲಿ. ಹಗಲು ಪಾಳಿ 610 ಚೀಲ, ರಾತ್ರಿ ಪಾಳಿ 480. ಇದಕ್ಕಿಂತ ಸ್ಪಷ್ಟ ಏನು ಬೇಕು? ಹಗಲಿನ ಆಪರೇಟರ್ ಹುಡುಗನನ್ನು ಕರೆದೆ, ಬೆನ್ನು ತಟ್ಟಿದೆ, ಕವರ್ ಕೊಟ್ಟೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿ ರಾತ್ರಿ ಪಾಳಿಯ ಹಿರಿಯ ಆಪರೇಟರ್ ನಿಂತಿದ್ದರು. ಮಿಲ್ಲಿನಲ್ಲಿ ಎಲ್ಲರೂ ಅವರಿಗೆ ಕಾಕಾ ಅಂತಲೇ ಕರೆಯೋದು. ನಾನು ನಗುತ್ತಾ ಕೇಳಿದೆ, "ಏನ್ರೀ ಕಾಕಾ, ರಾತ್ರಿ ನಿದ್ದಿ ಚಲೋ ಆತೇನ್ರಿ?"

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಮೈಮೇಲಿನ ತೌಡು ಝಾಡಿಸಿಕೊಂಡರು, ಸೈಕಲ್ ಹತ್ತಿ ಹೋದರು.

ಮಧ್ಯಾಹ್ನ ಆ ಹಗಲಿನ ಹುಡುಗ ಆಫೀಸಿಗೆ ಬಂದ. ಕವರ್ ಮೇಜಿನ ಮೇಲಿಟ್ಟ. "ಸರ್, ಒಂದ್ ಮಾತ್ರಿ. ಮೊನ್ನಿ ರಾತ್ರಿ ಕಾಕಾ ಎರಡೂ ಶೆಲ್ಲರ್ ರಬ್ಬರ್ ಬದ್ಲಿ ಮಾಡ್ಯಾರ್ರಿ. ಎಲಿವೇಟರ್ ಪಟ್ಟಾನೂ ಬಿಗಿ ಮಾಡ್ಯಾರ. ಅದ್ಕ ನಂಗ ಹಗಲ್ದಾಗ ಮಿಲ್ಲು ಓಡ್ತು. ಈ ರೊಕ್ಕ ನಂದಲ್ರಿ."

ಇಲ್ಲಿ ಸ್ವಲ್ಪ ಮಿಲ್ಲಿನ ಒಳಗೆ ಬರಬೇಕು ನೀವು. ಎಲಿವೇಟರ್ ಅಂದರೆ ಪಟ್ಟಾಕ್ಕೆ ಕಟ್ಟಿದ ಬಕೆಟ್ಟುಗಳಲ್ಲಿ ಭತ್ತ ಮೇಲೆತ್ತೋ ಯಂತ್ರ. ಭತ್ತದ ಹೊಟ್ಟು ತೆಗೆಯೋ ಯಂತ್ರಕ್ಕೆ ಶೆಲ್ಲರ್ ಅಂತೀವಿ. ಒಳಗೆ ಎರಡು ರಬ್ಬರ್ ರೋಲ್ ಎದುರುಬದುರು ತಿರುಗುತ್ತವೆ. ಒಂದು ಜೋರು, ಇನ್ನೊಂದು ನಿಧಾನ. ನಡುವಿನ ಸಂದಿಯಲ್ಲಿ ಭತ್ತ ಬಿದ್ದಾಗ ಆ ಎಳೆತಕ್ಕೆ ಹೊಟ್ಟು ಬಿಡುತ್ತೆ. ಜೋರು ತಿರುಗೋ ರೋಲ್ ಬೇಗ ಸವೆಯುತ್ತೆ. ಸವೆದ ಮೇಲೆ ಅರ್ಧ ಭತ್ತ ಹೊಟ್ಟು ಸಮೇತ ಹೊರಗೆ ಬರುತ್ತೆ. ಅಕ್ಕಿ, ಭತ್ತ ಬೇರೆ ಮಾಡೋ ಸೆಪರೇಟರ್ ಅದನ್ನು ಮತ್ತೆ ಶೆಲ್ಲರ್‌ಗೇ ಕಳಿಸುತ್ತೆ. ಅದೇ ಭತ್ತ ಸುಮ್ನೆ ಸುತ್ತು ಹಾಕ್ತಾ ಇರುತ್ತೆ, ಕರೆಂಟ್ ಬಿಲ್ ಏರುತ್ತೆ. ಸಂದಿ ಬಿಗಿ ಮಾಡಿದರೆ ಹೊಟ್ಟೇನೋ ಬಿಡುತ್ತೆ, ಆದರೆ ಅಕ್ಕಿ ಮುರಿದು ನುಚ್ಚಾಗುತ್ತೆ. ನುಚ್ಚಿಗೆ ಸೋನಾ ಮಸೂರಿ ರೇಟು ಯಾರು ಕೊಡ್ತಾರೆ? ಸರ್ಕಾರದ ಲೆಕ್ಕದಲ್ಲಿ ಒಂದು ಕ್ವಿಂಟಲ್ ಭತ್ತಕ್ಕೆ 67 ಕೆಜಿ ಅಕ್ಕಿ ಬರಬೇಕು. ಅದರಲ್ಲಿ ಇಡೀ ಅಕ್ಕಿ ಎಷ್ಟು, ನುಚ್ಚೆಷ್ಟು ಅನ್ನೋದರ ಮೇಲೆ ಮಿಲ್ಲಿನ ಲಾಭ ನಿಂತಿದೆ. ಅದು ತೀರ್ಮಾನವಾಗೋದು ಆ ಸಂದಿಯಲ್ಲಿ. ಸಂದಿ ಹಿಡಿಯೋದು ಆಪರೇಟರ್ ಕೈ.

ಕಾಕಾ ಅವತ್ತು ರಾತ್ರಿ ಮಿಲ್ಲು ನಿಲ್ಲಿಸಿ ಈ ಕೆಲಸ ಮಾಡಿದ್ದರು. ಬೆಳಗಿನವನಿಗೆ ಬಿಟ್ಟು ಸುಮ್ಮನೆ ಓಡಿಸಬಹುದಿತ್ತು. ಹಾಗೆ ಮಾಡಿದ್ದರೆ ಚೀಲದ ಲೆಕ್ಕದಲ್ಲಿ ಅವರೇ ಮುಂದಿರುತ್ತಿದ್ದರು, ನನ್ನ ಕವರ್ ಅವರಿಗೇ ಸಿಗುತ್ತಿತ್ತು. ಅಂದರೆ ನಾನು ಮಾಡಿದ್ದ ನಿಯಮ ಏನು? ಮಿಲ್ಲನ್ನು ಹಾಳು ಮಾಡಿ ಓಡಿಸಿದವನಿಗೆ ಬಹುಮಾನ, ರಿಪೇರಿ ಮಾಡಿದವನಿಗೆ ಗೇಲಿ. ಅವತ್ತಿನ ನುಚ್ಚಿನ ತೂಕದ ಚೀಟಿ ನನ್ನ ಮೇಜಿನ ಮೇಲೇ ಇತ್ತು. ರಬ್ಬರ್ ಬದಲಾದ ಮೇಲೆ ನುಚ್ಚು ಕಡಿಮೆಯಾಗಿದ್ದು ಅದರಲ್ಲೇ ಬರೆದಿತ್ತು. ಬರೆದವನು ನಾನೇ!

ಕಾಕಾ ಆ ರಾತ್ರಿ ಬರಲಿಲ್ಲ. ಮಾರನೇ ದಿನವೂ ಇಲ್ಲ. ಫೋನ್ ಸ್ವಿಚ್ ಆಫ್. ಸುಗ್ಗಿ ಕಾಲದಲ್ಲಿ ಒಳ್ಳೇ ಆಪರೇಟರ್ ಸಿಕ್ಕರೆ ಯಾವ ಮಿಲ್ಲಿನವರೂ ಅರ್ಧ ಗಂಟೆಯಲ್ಲಿ ಕೆಲಸ ಕೊಡ್ತಾರೆ. ಸಾವ್ಕಾರ್ರು ಬೈದರು, ಅದು ಬೇರೆ ಕಥೆ. ನಾಲ್ಕನೇ ದಿನ ಬೈಕ್ ಹತ್ತಿ ಅವರ ಊರಿಗೆ ಹೋದೆ. ತುಂಗಭದ್ರಾ ಎಡದಂಡೆ ಕಾಲುವೆ ಪಕ್ಕದ ರಸ್ತೆ. ಅರ್ಧ ರಸ್ತೆಯಲ್ಲಿ ರೈತರು ಭತ್ತ ಒಣಹಾಕಿದ್ದರು, ಇನ್ನರ್ಧದಲ್ಲಿ ನಾವೆಲ್ಲ ಓಡಾಡಬೇಕು. ಕಾಕಾ ಮನೆ ಮುಂದೆ ಕಟ್ಟೆ ಮೇಲೆ ಕೂತಿದ್ದರು. ನನ್ನ ನೋಡಿ ಒಳಗೆ ಕೂಗಿ ಚಹಾ ತರಿಸಿದರು. ನಾನು ತಪ್ಪಾಯಿತು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ ಮಾತು ಹೀಗಿತ್ತು.

"ನೀವು ನಕ್ಕಿದ್ದಕ್ಕ ಬ್ಯಾಸರಿಲ್ರಿ. ಮಿಲ್ಲಿನ್ಯಾಗ 22 ವರ್ಷ ಆತು, ಭಾಳ ಮಂದಿ ನಕ್ಕಾರ. ರಬ್ಬರ್ ಬದ್ಲಿ ಆಗಿದ್ದು ಮ್ಯಾನೇಜರಿಗೆ ತಿಳೀಲಿಲ್ಲಲ್ಲ, ಅದಕ್ಕ ಬ್ಯಾಸರ ಆತು."

ನಾನು ಏನೂ ಅನ್ನಲಿಲ್ಲ. ಚಹಾ ಕುಡಿದೆ. ಬಹಳ ಸಿಹಿ ಇತ್ತು.

ಮರುದಿನ ಬೆಳಗ್ಗೆ ಎಂಟಕ್ಕೆ, ಅದೇ ಜಾಗದಲ್ಲಿ, ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡೆ. ಗೇಲಿ ಮಾಡಿದ್ದು ನಾಲ್ಕು ಜನರ ಮುಂದೆ, ಕ್ಷಮೆ ಕೇಳೋದು ಮನೆ ಕಟ್ಟೆ ಮೇಲೆ ಅಂದರೆ ಆಗಲ್ಲ ಅಲ್ವಾ. ಎರಡು ಸಾಲು ಹೇಳೋದಕ್ಕೆ ಗಂಟಲು ಒಣಗಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೊರಗೆ ಲಾರಿಯವನು ಹಾರ್ನ್ ಹೊಡೆದ, ಎಲ್ಲರೂ ಕೆಲಸಕ್ಕೆ ಹೋದರು.

ಕವರ್ ಪದ್ಧತಿ ಅವತ್ತೇ ನಿಂತಿತು. ಬದಲಿಗೆ ಹತ್ತು ರಾತ್ರಿ ಕಾಕಾ ಜೊತೆ ಮಿಲ್ಲಿನಲ್ಲಿ ನಿಂತೆ. ಅವರು ಭತ್ತದ ಕಾಳು ಹಲ್ಲಲ್ಲಿ ಕಚ್ಚಿ ನೋಡೋರು. ಕಟ್ ಅಂದರೆ ಒಣಗಿದೆ, ಮೆತ್ತಗಿದ್ದರೆ ಹಸಿ. ನಾನು ತೇವ ಅಳೆಯೋ ಮಾಯಿಶ್ಚರ್ ಮೀಟರ್ ಹಿಡಿದು ಹಿಂದೆ ಹಿಂದೆ ಹೋಗಿ ಪರೀಕ್ಷೆ ಮಾಡಿದೆ. ತೇವ ಶೇಕಡಾ 14ರ ಆಸುಪಾಸು ಅಂತ ಅವರು ಅಂದರೆ ಮೀಟರ್ ಕೂಡ ಅದನ್ನೇ ಹೇಳೋದು. ಎಲಿವೇಟರ್ ಸದ್ದು ಕೇಳಿ ಯಾವ ಬಕೆಟ್ಟಿನ ಬೋಲ್ಟು ಸಡಿಲ ಆಗಿದೆ ಅನ್ನೋರು. ನನಗೆ ಎಲ್ಲಾ ಒಂದೇ ಗದ್ದಲ. ಏಳನೇ ರಾತ್ರಿ ಹೊತ್ತಿಗೆ ಒಂದು 'ಟಕ ಟಕ' ಬೇರೆ ಕೇಳಿಸಿತು. ಅದನ್ನು ಹೇಳಿದಾಗ ಕಾಕಾ ಮೊದಲ ಸಲ ನಕ್ಕರು. "ಬಂತು ನೋಡ್ರಿ ಕಿವಿ" ಅಂದರು. ಇಷ್ಟು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕ ಒಳ್ಳೇ ಶಹಬ್ಬಾಸ್‌ಗಿರಿ ಅದು. ಯಾಕೆ ಅಷ್ಟು ಖುಷಿಯಾಯಿತು ಅಂತ ಯೋಚಿಸಿದೆ. ಕೆಲಸ ಗೊತ್ತಿರೋರ ಬಾಯಿಂದ ಬಂದಿತ್ತಲ್ಲ, ಅದಕ್ಕೆ.

ಇನ್ನೊಂದು ವಿಷಯ ನಿಧಾನಕ್ಕೆ ಗಮನಕ್ಕೆ ಬಂತು. ಬೆಂಗಳೂರಿನ ಅಂಗಡಿಯವರು ಫೋನ್ ಮಾಡ್ತಾರೆ. ಕಲ್ಲು ಬಂದಿದೆ, ನುಚ್ಚು ಜಾಸ್ತಿ, ಪಾಲಿಶ್ ಸರಿ ಇಲ್ಲ ಅಂತ. ಅದು ಐದು ನಿಮಿಷದಲ್ಲಿ ಮಿಲ್ಲಿನೊಳಗೆ ತಲುಪುತ್ತೆ. ನಾನೇ ಓಡಿ ಹೋಗಿ ಹೇಳ್ತಿದ್ದೆ. ಆದರೆ ಅದೇ ಅಂಗಡಿಯವರು ಕೆಲವು ಸಲ "ಈ ಸಲದ ಮಾಲು ಭಾರಿ ಚೆನ್ನಾಗಿದೆ, ಅದನ್ನೇ ಕಳಿಸಿ" ಅಂತಾರೆ. ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ನಾನು ಕೇಳಿ ಖುಷಿಪಟ್ಟು, ರೇಟು ಹತ್ತು ರೂಪಾಯಿ ಏರಿಸಬಹುದಾ ಅಂತ ಯೋಚಿಸಿ, ಫೋನ್ ಇಡ್ತಿದ್ದೆ. ಬೈಗುಳಕ್ಕೆ ಡಾಂಬರ್ ರಸ್ತೆ, ಹೊಗಳಿಕೆಗೆ ಕಾಲುದಾರಿಯೂ ಇಲ್ಲ! ಈಗ ಅಂಥ ಫೋನ್ ಬಂದರೆ ಸ್ಪೀಕರ್ ಹಾಕಿ ಮಿಲ್ಲಿನ ಬಾಗಿಲವರೆಗೆ ಹೋಗ್ತೀನಿ. ಯಾವ ಲಾಟ್, ಯಾವ ದಿನದ್ದು ಅಂತ ಕೇಳಿ, ಆ ಪಾಳಿಯವರಿಗೇ ಹೇಳ್ತೀನಿ. "ಚೆನ್ನಾಗಿ ಕೆಲಸ ಮಾಡ್ತಿದ್ದೀರಿ" ಅಂತ ಸುಮ್ನೆ ಹೇಳಿದರೆ ನಮ್ಮವರು ತಲೆ ಅಲ್ಲಾಡಿಸ್ತಾರೆ ಅಷ್ಟೇ. ಸೋಮವಾರ ರಾತ್ರಿಯ ಲಾಟಿನಲ್ಲಿ ಒಂದು ಕಲ್ಲೂ ಸಿಗಲಿಲ್ಲವಂತೆ ಅಂದರೆ ಕಲ್ಲು ತೆಗೆಯೋ ಡೀಸ್ಟೋನರ್ ಹತ್ತಿರ ಇರೋನು ತಿರುಗಿ ನೋಡ್ತಾನೆ.

ಹಾಗಂತ ಬರೀ ಬಾಯಿ ಮಾತಲ್ಲಿ ಹೊಟ್ಟೆ ತುಂಬುತ್ತೆ ಅಂತ ನಾನು ಹೇಳ್ತಿಲ್ಲ. ಹಮಾಲರಿಗೆ ಚೀಲದ ಲೆಕ್ಕದಲ್ಲಿ ಕೂಲಿ. ಅವರ ಮೇಸ್ತ್ರಿಗೆ ನಾನು ಮೊದಮೊದಲು "ನಿಮ್ಮ ಗ್ಯಾಂಗ್ ಭಾರಿ ಗಟ್ಟಿ" ಅಂತ ಹೊಗಳಿ, ಶನಿವಾರದ ಕೂಲಿ ಎರಡು ದಿನ ತಡ ಮಾಡ್ತಿದ್ದೆ. ಒಮ್ಮೆ ಮೇಸ್ತ್ರಿ ನೇರವಾಗಿ ಅಂದ, "ಸರ್, ಮಾತು ಆಮ್ಯಾಲ ಆಡ್ರಿ, ಮದ್ಲ ಶನಿವಾರ ಶನಿವಾರನ ಆಗ್ಲಿ." ಸರಿ ಅಲ್ವಾ? ಬೋನಸ್ಸೂ ಹಾಗೇ. ವರ್ಷದ ಸಂಬಳದಲ್ಲಿ ಕನಿಷ್ಠ 8.33 ಶೇಕಡಾ ಬೋನಸ್ ಅನ್ನೋದು ಕಾನೂನು ಕೊಟ್ಟ ಹಕ್ಕು. ಅದನ್ನು ಕವರಿಗೆ ಹಾಕಿ, ಆಯುಧ ಪೂಜೆ ದಿನ ಸಿಹಿ ಡಬ್ಬಿ ಜೊತೆ ಕೊಟ್ಟು, ದಾನ ಮಾಡಿದ ಹಾಗೆ ಫೋಟೋ ತೆಗೆಸಿಕೊಳ್ಳೋರನ್ನು ಕಂಡರೆ ನನಗೆ ಆಗಲ್ಲ. ಸಿಹಿ ಡಬ್ಬಿ ಬೇಕಾದರೆ ನಿಮ್ಮ ಪ್ರೀತಿ. ಬೋನಸ್ ಅವರ ದುಡ್ಡು.

ಪ್ಯಾಕಿಂಗ್‌ನಲ್ಲಿ ಬಿಹಾರದ ಕೆಲವರಿದ್ದಾರೆ. ಅವರಲ್ಲಿ ಒಬ್ಬನಿಗೆ ಎರಡು ವರ್ಷ ನಾವೆಲ್ಲ ಛೋಟೂ ಅಂತ ಕರೆದೆವು. ಬ್ಯಾಂಕ್ ಖಾತೆ ಮಾಡಿಸುವಾಗ ಆಧಾರ್ ಕಾರ್ಡ್ ನೋಡಿದರೆ ನನಗಿಂತ ಒಂದು ವರ್ಷಕ್ಕೆ ದೊಡ್ಡವ. ಹಾಜರಿ ಪುಸ್ತಕದಲ್ಲೂ ಛೋಟೂ ಅಂತಲೇ ಇತ್ತು. ಅವತ್ತು ಪುಸ್ತಕ ಪೂರ್ತಿ ತಿದ್ದಿದೆ. ಇನ್ನೂ ಮೂವರ ಹೆಸರು ತಪ್ಪಿತ್ತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಆ ವಾರ ನಮ್ಮ ಮಿಲ್ಲಿನಲ್ಲಿ ಬೇರೆ ಮಾತೇ ಇರಲಿಲ್ಲ. ಡ್ಯಾಮಿನಲ್ಲಿ ನೀರಿಲ್ಲದಿದ್ದರೆ ಭತ್ತ ಎಲ್ಲಿ, ಭತ್ತ ಇಲ್ಲದಿದ್ದರೆ ನಾವೆಲ್ಲಿ. ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಗೇಟಿನ ಹಲಗೆಗಳನ್ನು ಇಳಿಸಿದರು. ಅದರ ಮುಂದಾಳತ್ವ ವಹಿಸಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಹೆಸರು ಮನೆಮನೆಯಲ್ಲಿ ಬಂತು. ಬರಬೇಕಾದದ್ದೇ. ಮಿಲ್ಲಿನ ಟಿವಿ ಮುಂದೆ ಕೂತ ಕಾಕಾ ಮಾತ್ರ ನಾಯ್ಡು ಅವರನ್ನು ನೋಡ್ತಿರಲಿಲ್ಲ. ಕ್ರೇನಿನ ಹತ್ತಿರ ಹಗ್ಗ ಹಿಡಿದು ನಿಂತವರನ್ನು ನೋಡ್ತಿದ್ದರು. "ಅಲ್ನೋಡ್ರಿ, ಆ ಹುಡುಗ ಹೆಂಗ ನಿಂತಾನ. ಕಾಲು ಜಾರಿದ್ರ ಸೀದಾ ಕೆಳಗ" ಅಂತ ತೋರಿಸಿದರು. ಅಷ್ಟು ದಿನ ಸುದ್ದಿ ನೋಡಿದ ನನ್ನ ಕಣ್ಣಿಗೆ ಆ ಹುಡುಗ ಬಿದ್ದಿರಲೇ ಇಲ್ಲ.

ಈಗ ಪಾಳಿ ಮುಗಿಯುವಾಗ ಪ್ರತಿ ಆಪರೇಟರ್ ಏನೇನು ಮಾಡಿದೆ ಅಂತ ನನಗೆ ವಾಟ್ಸ್‌ಆಪ್‌ನಲ್ಲಿ ವಾಯ್ಸ್ ಮೆಸೇಜ್ ಹಾಕಬೇಕು. ಮೊದಲು ಪುಸ್ತಕ ಇಟ್ಟಿದ್ದೆ. ಕಾಕಾಗೆ ಬರೆಯೋದು ಅಂದರೆ ಆಗಲ್ಲ, ಅದಕ್ಕೆ ಬದಲಾಯಿಸಿದೆ. ಮಿಲ್ಲು ಎಷ್ಟು ಹೊತ್ತು ನಿಂತಿತು, ಯಾಕೆ ನಿಂತಿತು, ಎಲ್ಲಾ ಅದರಲ್ಲಿ ಇರುತ್ತೆ. ಚೀಲದ ಲೆಕ್ಕ ನೋಡೋ ಮುಂಚೆ ಅದನ್ನು ಕೇಳ್ತೀನಿ. ಸಾವ್ಕಾರ್ರಿಗೆ ಇದೊಂದು ತಮಾಷೆ. ರೇಡಿಯೋ ಕೇಳ್ತಿದ್ದಾನೆ ಅಂತಾರೆ.

ಹೋದ ವಾರದ್ದೊಂದು ಮೆಸೇಜ್. ಹಿಂದೆ ಮಿಲ್ಲಿನ ಗದ್ದಲ, ನಡುವೆ ಕಾಕಾ ದನಿ. "ಸರ್, ಇವತ್ತೇನೂ ಇಲ್ರಿ. ರಾತ್ರಿ ಪೂರಾ ಚಲೋ ಓಡೇತಿ. ಎರಡನೇ ಶೆಲ್ಲರ್ ರಬ್ಬರ್ ಇನ್ನೊಂದ್ ಎರಡ್ ದಿನ ಬರ್ತೈತಿ." ಆಮೇಲೆ ಸ್ವಲ್ಪ ಹೊತ್ತು ಬರೀ ಗದ್ದಲ. ಮೆಸೇಜ್ ಮುಗಿಯಿತು ಅಂದುಕೊಂಡೆ. ಆಗ ಮತ್ತೆ ದನಿ ಬಂತು. "ಮತ್ತ ಆ ಬೆಂಗಳೂರು ಅಂಗಡಿಯವ್ರು ಏನರ ಅಂದ್ರೇನ್ರಿ, ಮೊನ್ನಿ ಮಾಲಿಗೆ?"

ಅವರು ಏನೂ ಅಂದಿರಲಿಲ್ಲ. ಅಂಗಡಿ ತೆರೆಯೋ ಹೊತ್ತಿಗೆ ನಾನೇ ಫೋನ್ ಹಚ್ಚಿದೆ.