"ಲಾಕ್ ಬದಲಾಯಿಸಿದ್ರಲ್ಲ, ಎಷ್ಟು ಸ್ಪೀಡ್ ಆಯ್ತು?"

ನನ್ನ ಕೆಲಸ ರಿಯಲ್‌ಟೈಮ್ (ಆರ್‌ಟಿ) ಲಿನಕ್ಸ್ ಕರ್ನಲ್‌ನ, ಅಂದರೆ ಹೆಚ್ಚೆಂದರೆ ಎಷ್ಟು ತಡವಾಗುತ್ತದೆ ಎಂಬುದೇ ಮುಖ್ಯವಾದ ಕರ್ನಲ್‌ನ, ಮೆಮೊರಿ ಹಂಚುವ ಭಾಗವಾದ ಅಲೊಕೇಟರ್‌ನಲ್ಲಿ ಎಂದು ಗೊತ್ತಾದವರು ಮೊದಲು ಕೇಳುವುದು ಇದನ್ನೇ. "ಸ್ವಲ್ಪ ನಿಧಾನ ಆಯ್ತು" ಎಂದರೆ ತಮಾಷೆ ಅಂದುಕೊಳ್ಳುತ್ತಾರೆ. ತಮಾಷೆಯಲ್ಲ, ಬಹಳ ಸಲ ಅದೇ ನಿಜ. ಲಾಕ್ ಎಂದರೆ ಒಂದು ಸಲಕ್ಕೆ ಒಬ್ಬರೇ ಮುಟ್ಟಲಿ ಎಂದು ಹಾಕುವ ಬೀಗ.

ಸ್ಲಬ್ ಅಲೊಕೇಟರ್ ಪ್ರತಿ ಸಿಪಿಯುಗೂ ಒಂದೊಂದು ಫ್ರೀಲಿಸ್ಟ್ (ಖಾಲಿ ಇರುವ ಆಬ್ಜೆಕ್ಟ್‌ಗಳ, ಅಂದರೆ ಮೆಮೊರಿ ತುಂಡುಗಳ ಪಟ್ಟಿ) ಇಟ್ಟುಕೊಂಡಿತ್ತು. ಮಾಮೂಲಿ ಕರ್ನಲ್‌ನಲ್ಲಿ ಲಾಕ್ ಹಿಡಿಯದೆ, ಒಂದೇ ಅಟಾಮಿಕ್ ಸೂಚನೆಯಲ್ಲಿ ಅದರಿಂದ ಆಬ್ಜೆಕ್ಟ್ ಎತ್ತಿಕೊಳ್ಳಬಹುದಿತ್ತು. ಲಿಸ್ಟ್ ಖಾಲಿಯಾದರೆ ಸ್ಲೋ ಪಾತ್, ಅಂದರೆ ಸುತ್ತುಬಳಸಿನ ನಿಧಾನದ ದಾರಿ. ಹಿಂದೆ ಅಲ್ಲಿ ಇಂಟರಪ್ಟ್ (ಸಿಪಿಯುವನ್ನು ನಡುವೆ ತಡೆದು ಕರೆಯುವ ಸಂಕೇತ) ಬಂದ್ ಮಾಡಿಕೊಂಡೇ ಕೆಲಸ ನಡೆಯುತ್ತಿತ್ತು. ಅಷ್ಟು ಹೊತ್ತು ಎಂಥ ಪ್ರಯಾರಿಟಿಯ ಟಾಸ್ಕ್ ಆದರೂ ಕಾಯಲೇಬೇಕು. 2021ರಲ್ಲಿ ಬಂದ 5.15 ಕರ್ನಲ್‌ನಲ್ಲಿ ಇದರ ಜಾಗಕ್ಕೆ ಲೋಕಲ್ ಲಾಕ್ (ಆಯಾ ಸಿಪಿಯುಗೆ ಮಾತ್ರ ಸಂಬಂಧಿಸಿದ ಲಾಕ್) ಬಂತು. ಆರ್‌ಟಿ ಬಿಲ್ಡ್‌ನಲ್ಲಿ ಅದು ಕಾಯುವವನು ನಿದ್ದೆ ಹೋಗಬಲ್ಲ ಲಾಕ್: ಹಿಡಿದವನನ್ನು ಬದಿಗೆ ಸರಿಸಿ ಮೇಲಿನ ಪ್ರಯಾರಿಟಿಯವನು ಓಡಬಹುದು. ಇದಕ್ಕೆ ತೆತ್ತ ಬೆಲೆಯೂ ಇದೆ. ಮೊದಲು ಲಾಕ್ ಇಲ್ಲದೆ ಮುಗಿಯುತ್ತಿದ್ದ ಫ್ರೀ (ಮೆಮೊರಿ ವಾಪಸ್ ಕೊಡುವುದು) ಕೂಡ ಆರ್‌ಟಿಯಲ್ಲಿ ಲಾಕ್ ಹಿಡಿಯಬೇಕಾಯಿತು. ಸರಾಸರಿ ಕೆಡುತ್ತದೆ ಎಂದು ಗೊತ್ತಿದ್ದೇ ಮಾಡಿದ ಬದಲಾವಣೆ ಅದು.

ಹಾಗಾಗಿ ನಾನು ನೋಡುವುದು ಎರಡು ಅಂಕಿ. ಟಾಸ್ಕ್‌ಗಳ ನಡುವೆ ಸಂದೇಶ ಓಡಾಡಿಸುವ ಬೆಂಚ್‌ಮಾರ್ಕ್ ಹ್ಯಾಕ್‌ಬೆಂಚ್ ಎಷ್ಟು ಹೊತ್ತು ತೆಗೆದುಕೊಂಡಿತು ಎನ್ನುವುದು ನಾವು ಕೊಟ್ಟ ಬೆಲೆ. ಅದು ಓಡುತ್ತಿರುವಾಗ ಎದ್ದೇಳುವ ತಡ ಅಳೆಯುವ ಸೈಕ್ಲಿಕ್‌ಟೆಸ್ಟ್ ತೋರಿಸಿದ 'ಮ್ಯಾಕ್ಸ್' (ಅತಿ ಹೆಚ್ಚಿನ ತಡ) ನಾವು ಕೊಂಡ ಸರಕು.

"ಓಡುತ್ತಿರುವಾಗ" ಎಂಬ ಮಾತನ್ನು ಎಷ್ಟೋ ಜನ ಗಮನಿಸುವುದಿಲ್ಲ. ಸೈಕ್ಲಿಕ್‌ಟೆಸ್ಟ್ ಥ್ರೆಡ್ ಮಲಗುತ್ತದೆ, ಟೈಮರ್ ಎಬ್ಬಿಸುತ್ತದೆ, ಎಷ್ಟು ಮೈಕ್ರೋಸೆಕೆಂಡ್ ತಡವಾಗಿ ಎದ್ದೆ ಎಂದು ಬರೆದುಕೊಂಡು ಮತ್ತೆ ಮಲಗುತ್ತದೆ. ಆ ಲೂಪ್‌ನಲ್ಲಿ ಮೆಮೊರಿ ಕೇಳುವ ಪ್ರಶ್ನೆಯೇ ಇಲ್ಲ. ಸುಮ್ಮನಿರುವ ಮಷೀನಿನಲ್ಲಿ ಅದೊಂದನ್ನೇ ಓಡಿಸಿದರೆ ನಿಮ್ಮ ಪ್ಯಾಚ್‌ನ ತಂಟೆಗೇ ಯಾರೂ ಬಂದಿರುವುದಿಲ್ಲ. ಹ್ಯಾಕ್‌ಬೆಂಚ್ ಬೇಕಾಗುವುದು ಇಲ್ಲೇ. ಏನೂ ಹೇಳದೆ ಓಡಿಸಿದರೆ 10 ಗುಂಪು, ಒಟ್ಟು 400 ಟಾಸ್ಕ್‌ಗಳು ಸಾಕೆಟ್ ಮೂಲಕ ಸಂದೇಶ ಕಳಿಸಿಕೊಳ್ಳುತ್ತವೆ. ಕಳಿಸುವವನು ಬಫರ್ ಅಲೊಕೇಟ್ ಮಾಡುತ್ತಾನೆ, ಓದುವವನು ಫ್ರೀ ಮಾಡುತ್ತಾನೆ, ಅದೂ ಎಷ್ಟೋ ಸಲ ಬೇರೆ ಸಿಪಿಯು ಮೇಲೆ. ಒಬ್ಬರ ಮನೆಯ ಪಾತ್ರೆ ಇನ್ನೊಬ್ಬರ ಮನೆಯಿಂದ ವಾಪಸ್ ಬಂದಂತೆ. ಸ್ಲೋ ಪಾತ್ ಚೆನ್ನಾಗಿ ತುಳಿಸಿಕೊಳ್ಳುವುದು ಆಗಲೇ.

ಇನ್ನು ಎಷ್ಟು ಹೊತ್ತು ಓಡಿಸಬೇಕು? ಇಂಟರ್ವಲ್ (ಒಮ್ಮೆ ಎದ್ದು ಮತ್ತೆ ಏಳುವ ನಡುವಿನ ಅಂತರ) 1000 ಮೈಕ್ರೋಸೆಕೆಂಡ್ ಇದ್ದರೆ ಒಂದು ಥ್ರೆಡ್‌ಗೆ ಸೆಕೆಂಡಿಗೆ 1000 ಸ್ಯಾಂಪಲ್, 10 ನಿಮಿಷಕ್ಕೆ 6 ಲಕ್ಷ. ಹತ್ತು ಲಕ್ಷಕ್ಕೊಮ್ಮೆ ತಲೆಹಾಕುವ ವಿಳಂಬ ಒಂದಿದೆ ಎಂದುಕೊಳ್ಳಿ. ಆ 10 ನಿಮಿಷದಲ್ಲಿ ಅದು ಒಮ್ಮೆಯೂ ಕಾಣದೇ ಹೋಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಇಡೀ ದಿನ ಓಡಿಸಿದರೆ 8.64 ಕೋಟಿ ಸ್ಯಾಂಪಲ್ ಆಗುತ್ತವೆ, ಅದೇ ವಿಳಂಬ ಸುಮಾರು 86 ಸಲ ಸಿಕ್ಕಿಬೀಳುತ್ತದೆ. ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮುಗಿಸಿದ ಟೆಸ್ಟ್‌ನ 'ಮ್ಯಾಕ್ಸ್' ಅನ್ನು ನಾನು ನಂಬುವುದಿಲ್ಲ.

ಹ್ಯಾಕ್‌ಬೆಂಚ್‌ನ ಅಂಕಿಗೆ ಬೇರೆಯದೇ ಕಾಯಿಲೆ. ಲಾಕ್ ಬದಲಾದರೆ ಫಂಕ್ಷನ್‌ನ ಗಾತ್ರ ಬದಲಾಗುತ್ತದೆ, ಕೋಡ್ ಕ್ಯಾಶ್‌ಲೈನ್‌ಗಳಲ್ಲಿ (ಸಿಪಿಯುವಿನ ಕ್ಯಾಶ್ ಮೆಮೊರಿಯ ಖಾನೆಗಳಲ್ಲಿ) ಕೂರುವ ಜಾಗ ಬದಲಾಗುತ್ತದೆ. ಲಾಕ್‌ಗೆ ಸಂಬಂಧವೇ ಇಲ್ಲದೆ ಸಮಯ ಆಚೀಚೆ ಆಗಲು ಅಷ್ಟು ಸಾಕು. ರೀಬೂಟ್ ಆದಾಗಲೆಲ್ಲ ಪೇಜ್‌ಗಳು ಕೂರುವ ಜಾಗವೂ ಬೇರೆ. ಅದಕ್ಕೇ ಮೊದಲು ಹಳೇ ಕರ್ನಲ್ಲನ್ನು ಹಳೇ ಕರ್ನಲ್ ಜೊತೆಗೇ ಹೋಲಿಸುತ್ತೇನೆ, ಪ್ರತಿ ಸಲ ರೀಬೂಟ್ ಮಾಡಿ. ಅಲ್ಲಿ ಕಂಡ ಏರಿಳಿತಕ್ಕಿಂತ ಚಿಕ್ಕದು ಹೊಸ ಕರ್ನಲ್‌ನಲ್ಲಿ ಕಂಡರೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಈ ಶಿಸ್ತು ಬಂದಿದ್ದು ಪೆಟ್ಟು ತಿಂದ ಮೇಲೆ. ಒಮ್ಮೆ ನನ್ನ ಪ್ಯಾಚ್ ಎರಡೂ ಅಂಕಿಗಳಲ್ಲಿ ಗೆದ್ದುಬಿಟ್ಟಿತ್ತು. ಎರಡು ದಿನ ಹಿಗ್ಗಿ ಓಡಾಡಿದೆ. ಮೂರನೇ ದಿನ ಎರಡೂ ಕರ್ನಲ್‌ಗಳ ಕಾನ್ಫಿಗ್ ಫೈಲ್‌ಗಳನ್ನು ಡಿಫ್ ಮಾಡಿ (ಸಾಲು ಸಾಲಾಗಿ ಹೋಲಿಸಿ) ನೋಡಿದರೆ, ಹಳೇ ಕರ್ನಲ್‌ನಲ್ಲಿ ಲಾಕ್‌ಡೆಪ್ (ಲಾಕ್‌ಗಳ ತಪ್ಪು ಬಳಕೆ ಹಿಡಿಯುವ ಡೀಬಗ್ ಸೌಲಭ್ಯ) ಆನ್ ಆಗಿಯೇ ಕೂತಿತ್ತು. ಲಾಕ್ ಹಿಡಿದಾಗಲೆಲ್ಲ ತನಿಖೆಗೆ ಇಳಿಯುವ ಕರ್ನಲ್ ಜೊತೆ ನಾನು ಓಟದ ಪಂದ್ಯ ಕಟ್ಟಿದ್ದೆ. ಅಂದಿನಿಂದ ಡಿಫ್ ಮೊದಲು, ಬೆಂಚ್‌ಮಾರ್ಕ್ ಆಮೇಲೆ.

"ಹಾಗಾದ್ರೆ ಇನ್ನು ನಮ್ಮ ಕಂಟ್ರೋಲ್ ಲೂಪ್ ಒಳಗೆ ಧೈರ್ಯವಾಗಿ ಮಲ್ಲಾಕ್ ಮಾಡಬಹುದಾ?" ಎಂದು ಕೆಲವರು ಮುಂದುವರಿಸುತ್ತಾರೆ, ಅಂದರೆ ಸಮಯಕ್ಕೆ ಸರಿಯಾಗಿ ಓಡಲೇಬೇಕಾದ ಕೋಡ್‌ನ ಮಧ್ಯೆ ಮೆಮೊರಿ ಕೇಳಬಹುದೇ ಎಂದು. ಬೇಡ. ಸೈಕ್ಲಿಕ್‌ಟೆಸ್ಟ್ ಅಳೆದಿದ್ದು ಬೇರೆಯವರ ಅಲೊಕೇಶನ್ ನಿಮ್ಮನ್ನು ಎಷ್ಟು ತಡೆಯಿತು ಎಂಬುದನ್ನು. ನೀವೇ ಮೆಮೊರಿ ಕೇಳಿದಾಗ ಲಾಕ್ ಬೇರೆಯವನ ಕೈಯಲ್ಲಿದ್ದರೆ, ಪ್ರಯಾರಿಟಿ ಇನ್‌ಹೆರಿಟೆನ್ಸ್ (ನಿಮ್ಮ ಪ್ರಯಾರಿಟಿಯನ್ನು ಅವನಿಗೆ ತಾತ್ಕಾಲಿಕವಾಗಿ ಕೊಡುವ ಏರ್ಪಾಡು) ಅವನನ್ನು ಬೇಗ ಓಡಿಸುತ್ತದೆ ಅಷ್ಟೇ, ನೀವು ಕಾಯುವುದು ತಪ್ಪುವುದಿಲ್ಲ. ಬೇಕಾದ ಮೆಮೊರಿಯನ್ನೆಲ್ಲ ಲೂಪ್ ಶುರುವಾಗುವ ಮೊದಲೇ ಪಡೆದು, ಒಮ್ಮೆ ಬರೆದು, ಎಮ್‌ಲಾಕ್‌ಆಲ್ (ಮೆಮೊರಿಯನ್ನು ಡಿಸ್ಕ್‌ಗೆ ಸರಿಸದೆ ರ‍್ಯಾಮ್‌ನಲ್ಲೇ ಹಿಡಿದಿಡುವ ಕರೆ) ಹಾಕಿ ಕೂರಿಸಿಬಿಡಿ.