ರಾಶಿ ಹಸಿ ಇದ್ದು

ಜಾತ್ರೆಗೆ ಎಂಟು ದಿನ ಇತ್ತು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರೋದು, ಬಂದ ವರ್ಷ ಶಿರಸಿ ಸುತ್ತಮುತ್ತ ಎಲ್ಲರಿಗೂ ಕೈಯಲ್ಲಿ ದುಡ್ಡು ಬೇಕು, ದರ ಇನ್ನೂ ಏರ್ಲಿ ಅಂತ ಅಟ್ಟದ ಮೇಲೆ ಚೀಲ ಇಟ್ಕೊಂಡು ಕೂತವರೂ ತಂದು ಹಾಕ್ತಾರೆ. ನಾನಿರೋದು ಇಲ್ಲಿನ ಒಂದು ಅಡಿಕೆ ಮಾರಾಟ ಸಂಘದ ಕಂಪ್ಯೂಟರ್ ಸೆಕ್ಷನ್‌ನಲ್ಲಿ. ಸೆಕ್ಷನ್ ಅಂದ್ರೆ ನಾನು, ಕೂಗೋ ಒಂದು ಯುಪಿಎಸ್, ಮತ್ತೆ ಯಾರಿಗೂ ಬೇಡದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಅಷ್ಟೇ.

ದಿನಾ ಟೆಂಡರ್ ಮುಗಿದ ಮೇಲೆ ಅಡಿಕೆಯ ವೆರೈಟಿವಾರು (ರಾಶಿ, ಬೆಟ್ಟೆ, ಚಾಲಿ, ಬಿಳಿಗೋಟು ಹೀಗೆ) ಕನಿಷ್ಠ, ಗರಿಷ್ಠ, ಸರಾಸರಿ ದರ ಸದಸ್ಯರ ವಾಟ್ಸಾಪ್ ಗ್ರೂಪಿಗೆ ಹೋಗ್ಬೇಕು. ಮೊದಲು ಅದನ್ನ ಅಕೌಂಟ್ಸ್ ಸೆಕ್ಷನ್ನಿನ ಹೆಗಡೇರು ಎಕ್ಸೆಲ್‌ನಲ್ಲಿ ಒಂದು ತಾಸು ಕೂತು ಮಾಡ್ತಿದ್ರು. ಸಾಫ್ಟ್‌ವೇರ್‌ನಲ್ಲೇ ಆ ರಿಪೋರ್ಟ್ ಕೊಡಿ ಅಂದ್ರೆ ಕಂಪನಿಯವರು ಎಎಂಸಿ (ವರ್ಷದ ನಿರ್ವಹಣೆ ಶುಲ್ಕ) ಮೇಲೆ ಇನ್ನಷ್ಟು ದುಡ್ಡು ಕೇಳಿದ್ರು, ಮ್ಯಾನೇಜರ್ರು ಮುಂದಿನ ಬಜೆಟ್ಟಿಗೆ ನೋಡುವ ಅಂದ್ರು, ಆ ಮುಂದಿನ ಬಜೆಟ್ ಬಂದು ಹೋಗಿ ಎರಡಾಯ್ತು. ಶಿರಸಿ ಸುಪಾರಿಗೆ 2019ರಲ್ಲೇ ಜಿಐ ಟ್ಯಾಗ್ (ಊರಿನ ಹೆಸರಿನ ಅಧಿಕೃತ ಗುರುತು) ಬಂತು, ಅದರ ದಿನದ ಲೆಕ್ಕ ಮಾತ್ರ ಇನ್ನೂ ಟೆಕ್ಸ್ಟ್ ಫೈಲಿನಲ್ಲಿ. ಸಿದ್ದಾಪುರ, ಯಲ್ಲಾಪುರ ಶಾಖೆಯಿಂದ ಒಂದೊಂದು, ಇಲ್ಲಿನದ್ದು ಒಂದು. ಒಂದು ಲಾಟಿಗೆ ಒಂದು ಸಾಲು: ಲಾಟ್ ನಂಬರ್, ಸದಸ್ಯರ ನಂಬರ್, ವೆರೈಟಿ, ಚೀಲ, ತೂಕ, ದರ, ಷರಾ. ಒಂದೊಂದು ಕಾಲಂ ನಡುವೆ ಒಂದು ಉದ್ದ ಗೀಟು.

ಸರಿ, ನಾನೇ ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಬರೆದೆ. ಮೊದಲ ದಿನವೇ ಎಡವಿದ್ದು, ಕನ್ನಡ ಅಕ್ಷರಗಳನ್ನ ಬೈಟುಗಳಾಗಿ ಇಡೋ ಎನ್‌ಕೋಡಿಂಗ್ ಯುಟಿಎಫ್-8 ಅಂತ ಹೇಳದೆ ಫೈಲ್ ಓಪನ್ ಮಾಡಿದ್ದೆ. ವಿಂಡೋಸ್ ಅದನ್ನ ತನ್ನ ಹಳೇ 1252 ಕೋಡ್‌ಪೇಜ್ ಅಂದ್ಕೊಂಡು ಓದೋಕೆ ಹೋಗಿ ಎರರ್ ಹೊಡೀತು. ಮಜಾ ಏನಂದ್ರೆ ‘ರಾಶಿ’ ಅಂತಿದ್ದ ಸಾಲು ದಾಟಿ ‘ಬೆಟ್ಟೆ’ ಬಂದಲ್ಲಿ ಸಿಕ್ಕಿಬಿತ್ತು. ಆಮೇಲೆ ನೋಡಿದ್ರೆ ಒತ್ತಕ್ಷರ ಮಾಡೋ ಆ ಹಲಂತ ಚಿಹ್ನೆ ಯುಟಿಎಫ್-8ನಲ್ಲಿ ಮೂರು ಬೈಟು, ಕೊನೇದು 8ಡಿ, 1252ರಲ್ಲಿ ಆ ಜಾಗದಲ್ಲಿ ಅಕ್ಷರವೇ ಇಲ್ಲ. ಕೊಂಬು ‘ು’ ಕೂಡ ಹಾಗೇ, ಅದರ ಕೊನೇ ಬೈಟು 81. ‘ರಾಶಿ’ಯಲ್ಲಿ ಎರಡೂ ಇಲ್ಲ, ಪಾರಾಯ್ತು. ಎನ್‌ಕೋಡಿಂಗ್ ಹಾಕಿದೆ, ಓಡ್ತು, ಎರಡು ವಾರ ಹೆಗಡೇರು ದಿನಾ ನಂಗೆ ಚಾ ಕುಡಿಸಿದ್ರು. ನಾನೂ ಒಂಚೂರು ಉಬ್ಬಿದ್ದೆ, ಸುಳ್ಳು ಯಾಕೆ ಹೇಳ್ಲಿ.

ಆವತ್ತು 4:10ಕ್ಕೆ ಮೆಸೇಜ್ ಹೋಯ್ತು. 4:15ಕ್ಕೆ ಮೊದಲ ಫೋನು. ಸೋಂದಾ ಕಡೆಯ ಒಬ್ಬರು ಹಿರಿಯರು, "ರಾಶಿ ದರ ಬಿದ್ದು ಹೋಜನಾ ತಮಾ?" ಅಂದ್ರು, ಬಿದ್ದು ಹೋಯ್ತಾ ತಮ್ಮಾ ಅಂತ. ಇಲ್ಲಲ್ಲ ಅಂತ ಹೇಳ್ತಾ ಗ್ರೂಪ್ ತೆಗೆದು ನೋಡಿದ್ರೆ ರಾಶಿ ಕನಿಷ್ಠ ದರ ಅಗ್ಗದ ಬಿಳಿಗೋಟಿನ ಹತ್ತಿರ ಇಳಿದಿದೆ! ಸರಾಸರಿಯೂ ನಿನ್ನೆಗಿಂತ ಸಾವಿರಗಟ್ಟಲೆ ಕಡಿಮೆ. ಅಷ್ಟರಲ್ಲಿ ಕೌಂಟರಿನ ಫೋನು, ಮ್ಯಾನೇಜರ್ರ ಫೋನು, ಎಲ್ಲ ಒಟ್ಟಿಗೆ ಹೊಡ್ಕೊಳ್ತಾ ಇದ್ವು. ಹೊರಗೆ ಅಂಗಳದಲ್ಲಿ ಒಬ್ಬರು ನಾಳೆ ಟೆಂಡರಿಗೆ ಅಂತ ಇಳಿಸಿದ ಚೀಲ ಪಿಕಪ್ಪಿಗೆ ವಾಪಸ್ ಹಾಕಿಸ್ತಾ ಇದ್ರು, ಅದು ನನ್ನ ಕಿಟಕಿಯಿಂದಲೇ ಕಾಣ್ತಿತ್ತು.

ಮ್ಯಾನೇಜರ್ರು ಕ್ಯಾಬಿನ್ನಿಗೆ ಕರೆದು "ಎಂತದ್ರೀ ಇದು" ಅಂದ್ರು, ಕೂತ್ಕೊಳ್ಳಿ ಅನ್ಲಿಲ್ಲ. ನಾನು ಹೇಳಿದ ಮಾತು ಇವತ್ತಿಗೂ ನೆನಪಾದ್ರೆ ಮೈ ಉರೀತದೆ. "ಸರ್, ಸ್ಕ್ರಿಪ್ಟ್ ಸರಿ ಇದೆ, ಶಾಖೆಯಿಂದಲೇ ಡೇಟಾ ಹಾಗೆ ಬಂದಿದೆ." ನೋಡದೇ ಹೇಳಿದ್ದು. ಎರಡು ವಾರ ಸರಿ ಬಂದದ್ದು ಇವತ್ತು ತಪ್ಪಬೇಕಾದ್ರೆ ಟೈಪ್ ಮಾಡಿದವರದ್ದೇ ತಪ್ಪು, ಅಷ್ಟೇ ನನ್ನ ಲಾಜಿಕ್ಕು. ಅಲ್ಲಿಂದಲೇ ಸಿದ್ದಾಪುರಕ್ಕೆ ಫೋನ್ ಹಚ್ಚಿ ಎಂಟ್ರಿ ಮಾಡೋ ಅಕ್ಕನಿಗೆ, ಮ್ಯಾನೇಜರ್ರ ಎದುರಿಗೇ, "ಅಕ್ಕಾ ಸ್ವಲ್ಪ ನೋಡ್ಕೊಂಡು ಟೈಪ್ ಮಾಡಿ, ರಾಶಿಗೆ ಬಿಳಿಗೋಟಿನ ದರ ಹಾಕಿದ್ರೆ ಇಲ್ಲಿ ನಾವು ಉತ್ತರ ಕೊಡ್ಬೇಕಲ್ಲ" ಅಂದೆ. ಅವರು ಎಂತದೋ ಹೇಳೋಕೆ ಹೊರಟ್ರು, ನಾನು ಇಟ್ಟೇಬಿಟ್ಟೆ.

ಸೀಟಿಗೆ ಬಂದು ಖಾತ್ರಿ ಮಾಡ್ಕೊಂಡೆ. ಆ ಖಾತ್ರಿಯ ಕಥೆ ಕೇಳಿ. ಸಿದ್ದಾಪುರದ ಫೈಲನ್ನ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆಗೆದು ‘ರಾಶಿ’ ಅಂತ ಹುಡುಕಿ ಕೌಂಟ್ ಒತ್ತಿದೆ, 61. ನನ್ನ ಸ್ಕ್ರಿಪ್ಟ್ ಹಿಡಿದದ್ದೂ 61. ನೋಡಿ, ಪಕ್ಕಾ ಸರಿ! ಒಂದೇ ತಪ್ಪು ಪ್ರಶ್ನೆಯನ್ನ ಎರಡು ಕಡೆ ಕೇಳಿ ಎರಡೂ ಹೌದು ಅಂದ್ವು ಅಂತ ಖುಷಿಪಟ್ಟ ಮನುಷ್ಯ ನಾನು. ಆ 61 ಸಾಲು ಒಮ್ಮೆ ಕಣ್ಣಿಂದ ಓದಿದ್ರೆ ಎರಡು ನಿಮಿಷದಲ್ಲಿ ಮುಗೀತಿತ್ತು.

ಓದ್ಲಿಲ್ಲ. ಬದಲಿಗೆ ಸಾಕ್ಷಿ ತಯಾರು ಮಾಡೋಕೆ ಹೊರಟೆ, ಆ ಸಾಲುಗಳನ್ನ ಬೇರೆ ಫೈಲಿಗೆ ತೆಗೆದು ಶಾಖೆಗೂ ಮ್ಯಾನೇಜರ್ರಿಗೂ ಒಟ್ಟಿಗೆ ಮೇಲ್ ಹಾಕ್ಬೇಕು ಅಂತ. ಅವಸರದಲ್ಲಿ ಕೋಡಿನ ಫೈಲ್ ತೆರೆಯೋ ಓಪನ್ ಸಾಲನ್ನೇ ಕಾಪಿ ಮಾಡಿ, ಮೋಡ್ ಡಬ್ಲ್ಯೂ (ಬರೆಯೋ ಮೋಡ್) ಅಂತ ಬದಲಿಸಿದೆ, ಫೈಲಿನ ಹೆಸರು ಬದಲಿಸೋಕೆ ಮರೆತೆ. ಡಬ್ಲ್ಯೂ ಅಂದ್ರೆ ಬರೆಯೋ ತನಕ ಕಾಯೋದಿಲ್ಲ, ತೆರೆದ ಕ್ಷಣವೇ ಒಳಗಿದ್ದದ್ದೆಲ್ಲ ಹೋಯ್ತು. ಲೂಪ್ ಓಡ್ತು, ಖಾಲಿ ಫೈಲಿನಲ್ಲಿ ಓದೋಕೆ ಎಂತದೂ ಸಿಗಲಿಲ್ಲ, ಪ್ರೋಗ್ರಾಂ ಒಂದು ಎರರ್ ಕೂಡ ಕೊಡದೆ ಮುಗೀತು. ಫೋಲ್ಡರಿನಲ್ಲಿ ಸಿದ್ದಾಪುರದ ಫೈಲು ಸೊನ್ನೆ ಕೆಬಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಬೇರೆ, ಫೈಲ್ ಬದಲಾಗಿದೆ ರೀಲೋಡ್ ಮಾಡ್ಲಾ ಅಂತ ಕೇಳ್ತು, ನಾನು ಯೆಸ್ ಒತ್ತಿದೆ. ಅಲ್ಲಿ ಉಳಿದಿದ್ದ ಒಂದೇ ಒಂದು ಕಾಪಿಯನ್ನೂ ನಾನೇ ಕೈಯಾರೆ ಕಳಿಸಿಕೊಟ್ಟೆ. ಯುಪಿಎಸ್ ಕೂಗ್ತಾ ಇತ್ತು, ಕರೆಂಟ್ ಹೋಗಿದ್ದೂ ಗೊತ್ತಾಗಿರ್ಲಿಲ್ಲ.

ಮತ್ತೆ ಅದೇ ಅಕ್ಕನಿಗೆ ಫೋನು. ಈ ಸಲ ದನಿ ಬೇರೆ. "ಅಕ್ಕಾ, ಫೈಲ್ ಇನ್ನೊಮ್ಮೆ ಕಳಿಸ್ತೀರಾ" ಅಂದೆ. ಅವರು ಬೈಲಿಲ್ಲ, ಬೈದಿದ್ರೆ ಒಳ್ಳೇದಿತ್ತು. "ಕಳಿಸ್ತೆ. ಅಲ್ದಾ ತಮಾ, ಎಷ್ಟು ದರದ ಲಾಟು ತಪ್ಪು ಹೇಳಿದ್ದೆ ನೀನು?" ಅಂದ್ರು. ದರ ಹೇಳಿದೆ. ಆ ಕಡೆ ಮೌಸ್ ಉರುಳೋ ಸದ್ದು. ಆಮೇಲೆ, "ಅದು ಬಿಳಿಗೋಟು. ವೆರೈಟಿಯಲ್ಲಿ ಬಿಳಿಗೋಟು ಹೇಳೇ ಇದ್ದು. ಷರಾದಲ್ಲಿ ‘ರಾಶಿ ಹಸಿ ಇದ್ದು’ ಹೇಳಿ ಬರದ್ದಿ, ನೋಡು."

ರಾಶಿ ಹಸಿ ಇದ್ದು. ಅಂದ್ರೆ ನಮ್ಮ ಕಡೆ ಮಾತಲ್ಲಿ ತುಂಬಾ ಹಸಿ ಇದೆ ಅಂತ. ರಾಶಿ ಪುಡಿ ಇದ್ದು. ರಾಶಿ ಕಪ್ಪು. ನಾನು ಹುಟ್ಟಿದ್ದು ಇಲ್ಲೇ, ದಿನಕ್ಕೆ ಐವತ್ತು ಸಲ ರಾಶಿ ಬಿಸ್ಲು, ರಾಶಿ ಜನ, ರಾಶಿ ಚಲೋ ಅಂತ ಮಾತಾಡೋನು. ಕೋಡ್ ಬರೆಯೋವಾಗ ಮಾತ್ರ ಆ ಶಬ್ದಕ್ಕೆ ಅಡಿಕೆ ಬಿಟ್ಟು ಬೇರೆ ಅರ್ಥ ಇದೆ ಅಂತ ತಲೆಗೇ ಹೋಗ್ಲಿಲ್ಲ. ದರ ತೆಗೆಯೋಕೆ ಸಾಲನ್ನ ಗೀಟಿನಲ್ಲಿ ಸ್ಪ್ಲಿಟ್ ಮಾಡ್ತಿದ್ದೆ, ವೆರೈಟಿ ನೋಡೋಕೆ ಮಾತ್ರ ಸೋಮಾರಿತನ, ಇಡೀ ಸಾಲಿನಲ್ಲಿ ಎಲ್ಲಾದ್ರೂ ‘ರಾಶಿ’ ಇದ್ರೆ ಸಾಕು ಅಂತ ಬಿಟ್ಟಿದ್ದೆ. ಇಷ್ಟು ದಿನ ಷರಾ ಕಾಲಂ ಖಾಲಿ ಇತ್ತು, ಬಚಾವಾಗಿದ್ದೆ. ಹಸಿ ಮಾಲಿನ ಬಗ್ಗೆ ವ್ಯಾಪಾರಿಗಳ ಜೊತೆ ಜಗಳ ಆಗಿ, ಇನ್ನು ಷರಾ ಕಡ್ಡಾಯ ಅಂತ ಹಿಂದಿನ ದಿನ ಶಾಖೆಗಳಿಗೆ ಸರ್ಕ್ಯುಲರ್ ಹೋಗಿತ್ತಂತೆ. ಕಳಿಸಿದ್ದು ಇದೇ ಮ್ಯಾನೇಜರ್ರು, ನಂಗೊಂದು ಮಾತು ಹೇಳಿರ್ಲಿಲ್ಲ. ಹೇಳಿದ್ರೂ ನಾನು ಏನೂ ಮಾಡ್ತಿರಲಿಲ್ಲ ಬಿಡಿ.

5:05ಕ್ಕೆ ತಿದ್ದಿದ ಮೆಸೇಜ್ ಹೋಯ್ತು, ‘ತಾಂತ್ರಿಕ ದೋಷ’ ಅಂತ. ಅಂಗಳದ ಪಿಕಪ್ಪು ಆಗಲೇ ಹೊರಟಿತ್ತು.

ರಾತ್ರಿ ಮನೆಯಲ್ಲಿ ನಿದ್ದೆ ಬರದೆ ಮತ್ತೆ ಕೋಡ್ ತೆಗೆದೆ. ಮೂರನೇ ಕಾಲಂ ತಗೊಂಡು, ಆಚೀಚೆಯ ಖಾಲಿ ಜಾಗ ಸ್ಟ್ರಿಪ್ ಮಾಡಿ, ಪೂರ್ತಿ ಸಮ ಇದ್ರೆ ಮಾತ್ರ ಲೆಕ್ಕಕ್ಕೆ ಅಂತ ಬದಲಿಸಿದೆ. ಹಾಗೇ ಎರಡು ವಾರದ ಹಳೇ ಫೈಲುಗಳನ್ನ ಹೊಸದರಲ್ಲಿ ಓಡಿಸಿದೆ, ಅಲ್ಲಿ ಎದೆ ಧಸಕ್ ಅಂತು. ‘ತಟ್ಟಿಬೆಟ್ಟೆ’ಯ ಹೊಟ್ಟೆಯಲ್ಲೇ ‘ಬೆಟ್ಟೆ’ ಇದೆಯಲ್ಲ ಮಾರಾಯ್ರೆ! ಶುರುವಾದ ದಿನದಿಂದ ತಟ್ಟಿಬೆಟ್ಟೆ ಲಾಟುಗಳೆಲ್ಲ ಬೆಟ್ಟೆಯ ಸರಾಸರಿಗೂ ಸೇರಿ ಅದನ್ನ ಕೆಳಗೆ ಎಳೀತಿದ್ವು, ವ್ಯತ್ಯಾಸ ಕಣ್ಣಿಗೆ ಹೊಡೆಯೋಷ್ಟು ಇರ್ಲಿಲ್ಲ, ಯಾರೂ ಕೇಳ್ಲಿಲ್ಲ. ರಾಶಿಯದ್ದು ಗಲಾಟೆ ಆಗಿ ಒಂದು ತಾಸಿಗೆ ಸರಿಯಾಯ್ತು, ಇದು ಎರಡು ವಾರ ಸದ್ದಿಲ್ಲದೆ ನಡೀತಾ ಇತ್ತು. ಮ್ಯಾನೇಜರ್ರಿಗೆ ಹೇಳೋಕೆ ಮಾರನೇ ದಿನ ಮಧ್ಯಾಹ್ನದ ತನಕ ಧೈರ್ಯ ಬರ್ಲಿಲ್ಲ. ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ನಿದ್ದು, "ಹಾಗಾದ್ರೆ ಷರಾ ಕಾಲಮೇ ತೆಗೆದುಬಿಡುವ" ಅಂದ್ರು. ಅವರಿಗೆ ಇದು ಬೇರೆ ತಪ್ಪು ಅಂತ ಅರ್ಥ ಮಾಡಿಸೋಕೆ ಹದಿನೈದು ನಿಮಿಷ ಹಿಡೀತು.

ಈಗ ಯಾವ ವೆರೈಟಿಗೂ ಸೇರದ ಸಾಲುಗಳು ‘ಉಳಿದದ್ದು’ ಅಂತ ಬೇರೆ ಫೈಲಿಗೆ ಬೀಳ್ತವೆ, ಅದು ಖಾಲಿ ಆಗೋ ತನಕ ಮೆಸೇಜ್ ಹೋಗೋದಿಲ್ಲ. ಮೊದಲ ದಿನವೇ ಒಂಬತ್ತು ಸಾಲು ಬಿದ್ದಿದ್ವು, ಎರಡು ಶಬ್ದ ಮಾಡಿ ಬರೆದ ‘ಕೆಂಪು ಗೋಟು’, ‘ಚಾಲಿ ಹೊಸತು’, ಒಂದು ಕಡೆ ‘ರಾಸಿ’. ಇದರಲ್ಲಿ ‘ಕೆಂಪು ಗೋಟು’ ಹಳೇ ಫೈಲುಗಳಲ್ಲೂ ಇತ್ತು, ನನ್ನ ಹಳೇ ಸ್ಕ್ರಿಪ್ಟ್ ಅದನ್ನ ಕೇಳದೆ ಬಿಟ್ಟು ಮುಂದೆ ಹೋಗ್ತಿತ್ತು. ಮೂಲ ಫೈಲುಗಳನ್ನ ಬೇರೆ ಫೋಲ್ಡರಿನಲ್ಲಿ ರೀಡ್ ಓನ್ಲಿ ಮಾಡಿಟ್ಟಿದ್ದೇನೆ, ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ.

ಅಕ್ಕನ ಹತ್ರ ಸಾರಿ ಕೇಳಿದೆ, ಮ್ಯಾನೇಜರ್ರ ಎದುರು ಅಲ್ಲ, ಫೋನಿನಲ್ಲಿ. "ಆತು ಬಿಡು" ಅಂದ್ರು. ಎರಡು ದಿನ ಬಿಟ್ಟು ಸಿದ್ದಾಪುರದ ಫೈಲ್ ಬಂತು. ಮೊದಲ ಲಾಟು ಚಾಲಿ, ಷರಾದಲ್ಲಿ: ‘ರಾಶಿ ಹಸಿ ಇದ್ದು. ತಮಾ, ಇದು ಆ ರಾಶಿ ಅಲ್ಲ.’