ಬೋಯಾ ಸುರುಳಿಚಿತ್ರದ ನಕಲು: ಈಗ ಕೇಳುಗನ ಸರದಿ

ಬೋಯಾನ ಗಡ್ಡ ಮುಗಿಯಿತು. ಇನ್ನು ಝೋಂಗ್ ಜಿಚಿಯ ಮುಖಕ್ಕೆ ಕೈ ಹಾಕಬೇಕು.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ಇದು ಚೀನಾದ ಯುವಾನ್ ರಾಜವಂಶದ ಕಾಲದ (13-14ನೇ ಶತಮಾನ) ವಾಂಗ್ ಝೆನ್‌ಪೆಂಗ್ ಬರೆದ ಚಿತ್ರ. ಬೋಯಾ ಗುಚಿನ್ ಎಂಬ ಏಳು ತಂತಿಯ ವಾದ್ಯ ನುಡಿಸುತ್ತಿದ್ದಾನೆ, ಜಿಚಿ ಕೇಳುತ್ತಿದ್ದಾನೆ. ಮೂಲ ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿದೆ. ರೇಷ್ಮೆಯ ಮೇಲೆ ಬರೀ ಶಾಯಿ, ಎತ್ತರ 31.4 ಸೆಂ.ಮೀ., ಉದ್ದ 92. ಅಳತೆ ನನ್ನದೂ ಅದೇ. ರೇಷ್ಮೆಯ ಬದಲು ಪಟಿಕದ ನೀರು ಹಚ್ಚಿದ ಕಾಗದ ಬಳಸುತ್ತಿದ್ದೇನೆ, ಶಾಯಿ ಹರಡುವುದಿಲ್ಲ.

ಕತೆ ಬಹಳ ಹಳೆಯದು, ಕ್ರಿ.ಪೂ. 3ನೇ ಶತಮಾನದ 'ಲೂಶಿ ಚುನ್‌ಚಿಯು' ಎಂಬ ಚೀನೀ ಗ್ರಂಥದಲ್ಲೇ ಇದೆ. ಬೋಯಾ ಬೆಟ್ಟವನ್ನು ಮನಸ್ಸಿನಲ್ಲಿಟ್ಟು ನುಡಿಸಿದರೆ ಜಿಚಿಗೆ ಬೆಟ್ಟವೇ ಕೇಳಿಸುತ್ತಿತ್ತು, ಹರಿಯುವ ನೀರನ್ನು ನೆನೆದರೆ ನೀರು. ಜಿಚಿ ಸತ್ತ ಮೇಲೆ ಬೋಯಾ ತಂತಿ ಕಿತ್ತು, ವಾದ್ಯ ಒಡೆದು, ಮತ್ತೆಂದೂ ನುಡಿಸಲಿಲ್ಲ.

ಆದರೆ ಈ ಚಿತ್ರದಲ್ಲಿ ಬೆಟ್ಟವೂ ಇಲ್ಲ, ಹೊಳೆಯೂ ಇಲ್ಲ! ಹಿಂದೆ ಪೂರ್ತಿ ಖಾಲಿ ರೇಷ್ಮೆ. ಅಳತೆಪಟ್ಟಿ ಹಿಡಿದು ಅರಮನೆ, ದೋಣಿಗಳನ್ನು ಕೂದಲೆಳೆಯಷ್ಟು ಸೂಕ್ಷ್ಮವಾಗಿ ಬರೆಯುವುದರಲ್ಲಿ ಹೆಸರಾದ ಕಲಾವಿದ ಈತ, ಬರೆಯಬೇಕೆಂದಿದ್ದರೆ ಬರೆಯುತ್ತಿದ್ದ. ನನಗನ್ನಿಸುವುದು, ಸಂಗೀತವನ್ನೆಲ್ಲ ಅವನು ಜಿಚಿಯ ಮೈಯೊಳಗೆ ಇಟ್ಟಿದ್ದಾನೆ. ತಲೆ ಕೊಂಚ ಬಾಗಿದೆ, ಕಾಲ ಮೇಲೆ ಕಾಲು. ಕತ್ತಿನ ಆ ಬಾಗು ಚೂರು ಹೆಚ್ಚಾದರೆ ತೂಕಡಿಸುವವನಂತೆ ಕಾಣುತ್ತಾನೆ, ಕಡಿಮೆಯಾದರೆ ಸುಮ್ಮನೆ ಕುಳಿತವನಂತೆ. ಹಾಗಾಗಿ ಕಾಗದ ಮುಟ್ಟುವ ಮೊದಲು ಬೇರೆ ಹಾಳೆಗಳಲ್ಲಿ ಕತ್ತು, ಭುಜ ಇವೆರಡನ್ನೇ ಬರೆದು ನೋಡುತ್ತಿದ್ದೇನೆ.

ಹೋಲಿಕೆಗೆ ಎದುರಿಗೆ ಇನ್ನೊಂದು ಮುದ್ರಿತ ಪ್ರತಿ ಇಟ್ಟುಕೊಂಡಿದ್ದೇನೆ: ಸಾಂಗ್ ಚಕ್ರವರ್ತಿ ಹುಯಿಝೋಂಗ್‌ನ ಹೆಸರಿಗೆ ಸೇರಿದ, ಪೈನ್ ಮರದಡಿ ಗುಚಿನ್ ಕೇಳುವ ಚಿತ್ರ. ಅಲ್ಲಿ ಕೇಳುಗರು ಇಬ್ಬರು. ಕೆಂಪು ನಿಲುವಂಗಿಯವನು ತಲೆ ತಗ್ಗಿಸಿದ್ದಾನೆ, ಮತ್ತೊಬ್ಬ ಮೇಲೆ ನೋಡುತ್ತಿದ್ದಾನೆ. ಒಂದೇ ನಾದ ಇಬ್ಬರನ್ನು ಎರಡು ಕಡೆ ಕರೆದೊಯ್ದಿದೆ. ಬಣ್ಣ, ಮರ, ಹೂವು ಎಲ್ಲ ಇದ್ದೂ ನನ್ನ ಕಣ್ಣು ಹೋಗುವುದು ಆ ಎರಡು ತಲೆಗಳ ಕಡೆಗೇ.

ಕೆಲಸದ ವಿಷಯ: ಮುಖ, ಕೈಗಳಿಗೆ ನೀರು ಬೆರೆಸಿದ ತೆಳು ಶಾಯಿ, ಬಟ್ಟೆಯ ನಿರಿಗೆಗೆ ಗಟ್ಟಿ ಶಾಯಿ. ಕುಂಚ ನೆಟ್ಟಗೆ ಹಿಡಿದು, ಮೊಣಕೈ ಮೇಜಿನಿಂದ ಎತ್ತಿ, ಭುಜದಿಂದಲೇ ಎಳೆಯಬೇಕು. ಬೋಯಾನ ತೋಳಿನ ಉದ್ದ ಗೆರೆ ಹೀಗೆ ಒಂದೇ ಎಳೆತಕ್ಕೆ ಬಂದಾಗ ಆದ ಖುಷಿ ಹೇಳತೀರದು.

ಮುಂದಿನ ಸಲ ಜಿಚಿಯ ಮುಖ. ಆಮೇಲೆ ಪರಿಚಾರಕರು, ಧೂಪದ ಪೀಠ.